ರಟ್ಟು ಹಾಕಿಸಿಕೊಂಡ ಮನೆ

ಆ ವರ್ಷ ಚಳಿ ಕಾಲಿಡುತ್ತಿದ್ದಂತೆ ರಟ್ಟಣ್ಣ ತನ್ನ ಮನೆಗೇ ರಟ್ಟು ಹಾಕಿಬಿಟ್ಟ. ಪುಸ್ತಕಕ್ಕೆ ರಟ್ಟು ಹಾಕುವುದು ಅವನ ಕಸುಬು, ಅದಕ್ಕೆ ಯಾರ ತಕರಾರೂ ಇಲ್ಲ. ಮನೆಗೆ ಯಾಕೆ ಹಾಕಿದ ಎಂದು ಕೇಳಿದರೆ, ಅವನ ಭಾವಮೈದ ಕೆಮ್ಮಿದ, ಅದಕ್ಕೆ.

ಕೆಮ್ಮಿನ ವಿಷಯ ಮೊದಲು ಹೇಳಿಬಿಡಬೇಕು. ರಟ್ಟಣ್ಣನ ಹೆಂಡತಿಗೆ ಒಬ್ಬ ತಮ್ಮ. ಪೇಟೆಯಲ್ಲಿ ಬಿಸಿಗಾಳಿ ಬಿಡುವ ಕರೆಂಟಿನ ಯಂತ್ರಗಳ ಅಂಗಡಿ ಇಟ್ಟಿದ್ದ. ಮೊದಲ ಚಳಿ ಬಿದ್ದ ದಿನ ಅಕ್ಕನ ಮನೆಗೆ ಬಂದ. ಅಡುಗೆಗೆ ಗ್ಯಾಸ್ ಇದ್ದರೂ ಆ ಮನೆ ಬೆಚ್ಚಗಾಗುತ್ತಿದ್ದದ್ದು ನಡುಮನೆಯ ಕಬ್ಬಿಣದ ಒಲೆಯಿಂದ. ಭಾವಮೈದನ ಮುಂದೆ ತಾನೇನು ಕಡಿಮೆ ಎಂದು ರಟ್ಟಣ್ಣ ಎಲ್ಲಕ್ಕಿಂತ ದಪ್ಪದ ದಿಮ್ಮಿಯೊಂದನ್ನು ತಂದು ಒಲೆಗೆ ತುರುಕಿದ. ದಿಮ್ಮಿ ದಪ್ಪಗಿತ್ತು ನಿಜ, ಅಷ್ಟೇ ಹಸಿಯಾಗಿಯೂ ಇತ್ತು. ಬೆಂಕಿ ಒಳಗೆ ಉಳಿಯಿತು, ಹೊಗೆ ಹೊರಗೆ ಬಂತು. ಕೊಳವೆಯ ದಾರಿ ಬಿಟ್ಟು ನೇರವಾಗಿ ಭಾವಮೈದನ ಮುಖಕ್ಕೇ ಬಂತು.

"ಭಾವ," ಭಾವಮೈದ ಕೆಮ್ಮುತ್ತಾ ಬಾಗಿಲಿಗೆ ಓಡಿದ, "ಇದು ಮನೆಯೋ, ಮೀನು ಒಣಗಿಸೋ ಗೂಡೋ? ಈ ಕಾಲದಲ್ಲೂ ಕಟ್ಟಿಗೆ ಸುಡ್ತೀರಲ್ಲ! ನಮ್ಮಕ್ಕ ನೋಡಿ, ಹೊಗೇಲಿ ಬೆಂದು ಹೋಗಿದಾಳೆ. ನಾಳೆನೇ ಒಂದು ಯಂತ್ರ ಕಳಿಸ್ತೀನಿ, ಬಟನ್ ಒತ್ತಿದ್ರೆ ಆಯ್ತು."

ರಟ್ಟಣ್ಣ ಕಣ್ಣೊರೆಸಿಕೊಂಡ. ಆಮೇಲೆ ಎದ್ದು ನಿಂತ. ಅವನು ಎದ್ದು ನಿಂತು ಮಾತಾಡಿದರೆ ಏನೋ ಕಾದಿದೆ ಎಂದು ಹೆಂಡತಿಗೆ ಗೊತ್ತು.

"ನಿನ್ನ ಯಂತ್ರ ನೀನೇ ಇಟ್ಕೋ. ನಂಗೆ ಯಂತ್ರವೂ ಬೇಡ, ಕಟ್ಟಿಗೆಯೂ ಬೇಡ. ಪುಸ್ತಕಾನ ಬಿಗಿಯಾಗಿ ಕಟ್ಟಿದ್ರೆ ಒಂದು ಹುಳ ಒಳಗೆ ಹೋಗಲ್ಲ. ಹಾಗೇ ಮನೇನ ಬಿಗಿಯಾಗಿ ಕಟ್ಟಿದ್ರೆ ಚಳಿ ಎಲ್ಲಿಂದ ಬರುತ್ತೆ? ಒಳಗಿರೋ ಬಿಸಿ ಒಳಗೇ ಇರುತ್ತೆ. ಈ ಚಳಿಗಾಲ ಈ ಮನೇಲಿ ಒಂದು ಕಡ್ಡಿ ಉರಿಯಲ್ಲ. ಕೇಳಿಸ್ತಾ?"

ಕೇಳಿಸಿತು. ಬಾಗಿಲು ತೆರೆದಿದ್ದರಿಂದ ಇಡೀ ಬೀದಿಗೇ ಕೇಳಿಸಿತು.

ಚಹಾ ಆರುವಷ್ಟರಲ್ಲಿ ಈ ಆವೇಶವೂ ಆರುತ್ತದೆ ಎಂದು ಹೆಂಡತಿ ಅಂದುಕೊಂಡಳು. ಅವಳನ್ನು ಬೀದಿಯವರೆಲ್ಲ ಅತ್ತಿಗೆ ಎಂದು ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರೂ ಸಹ. ನಾವೂ ಹಾಗೇ ಕರೆಯೋಣ. ಅತ್ತಿಗೆ ಲೋಟ ತೊಳೆದು ಬರುವಷ್ಟರಲ್ಲಿ ರಟ್ಟಣ್ಣ ಹಿತ್ತಲ ಕಟ್ಟಿಗೆ ಕೋಣೆಗೆ ಬೀಗ ಜಡಿದು, ಕೀಲಿಕೈಯನ್ನು ಬನಿಯನ್ನಿನ ಒಳಜೇಬಿಗೆ ಇಳಿಸಿಯಾಗಿತ್ತು.

ಮರುದಿನ ಅಂಗಡಿಯಿಂದ ಬರುವಾಗ ಒಂದು ಕೊಡ ಅಂಟು ತಂದ. ಹಿಟ್ಟು ಬೇಯಿಸಿ, ಹುಳ ತಿನ್ನದ ಹಾಗೆ ಮೈಲುತುತ್ತ ಬೆರೆಸಿದ ನೀಲಿ ಛಾಯೆಯ ಅಂಟು. ಜೊತೆಗೆ ಕಾಗದದ ಹಾಳೆ, ಬಟ್ಟೆಯ ಪಟ್ಟಿ, ಕಾಗದ ಉಜ್ಜಿ ಕೂರಿಸುವ ಮೂಳೆಯ ಚಪ್ಪಟೆ ಕಡ್ಡಿ. ಕಿಟಕಿಯ ಸಂದಿಗಳಿಗೆ ಪಟ್ಟಿ ಹೊಡೆದ. ಮೂಲೆಗಳನ್ನು ಪುಸ್ತಕದ ಮೂಲೆಯ ಹಾಗೆ ಓರೆಯಾಗಿ ಕತ್ತರಿಸಿ ಮಡಚಿದ. ಒಲೆಯ ಮೇಲಿನ ಗೋಡೆಯಲ್ಲಿ, ಸ್ಲೇಟಿನಷ್ಟು ಅಗಲದ ಗಾಳಿಗಂಡಿ ಇತ್ತು, ಅದಕ್ಕೆ ಪೂರ್ತಿ ಹಾಳೆಯನ್ನೇ ಅಂಟಿಸಿದ. ಇಲಿಬಿಲ ಮುಚ್ಚಿದ. ಬೀಗದ ತೂತಿಗೆ ಬಟ್ಟೆಯ ರೆಪ್ಪೆ ಮಾಡಿದ. ಗೋಡೆ ಗಡಿಯಾರದ ಬಾಗಿಲಿಗೂ ಪಟ್ಟಿ ಹೊಡೆದ. ಗಡಿಯಾರಕ್ಕೆ ಕೀಲಿ ಕೊಡಲಾಗದೆ ಅದು ನಿಂತುಹೋದ ಮೇಲೆ, "ಅದೊಂದು ಸ್ವಲ್ಪ ಹೆಚ್ಚಾಯ್ತು" ಎಂದು ತಾನೇ ಒಪ್ಪಿಕೊಂಡ.

ಇಷ್ಟೆಲ್ಲ ಆಗುವಾಗ ಅತ್ತಿಗೆ ಯಾಕೆ ಸುಮ್ಮನಿದ್ದಳು? ಅದಕ್ಕೂ ಕಾರಣವಿತ್ತು. ಊರಿನ ದೊಡ್ಡ ಗ್ರಂಥಾಲಯದ ಪುಸ್ತಕಗಳೆಲ್ಲ ಮೊದಲಿನಿಂದ ರಟ್ಟಣ್ಣನ ಕೈಗೇ ಬರುತ್ತಿದ್ದವು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವು ಯಂತ್ರದಲ್ಲಿ ರಟ್ಟು ಹಾಕುವ ಬೇರೆ ಕಡೆಗೆ ಹೋದವು. ಅಂದಿನಿಂದ ಅವನು ಮನೆಗೆ ಬಂದು ಕೂತು, ತನ್ನ ಹತ್ತು ಬೆರಳುಗಳನ್ನು ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ನೋಡುತ್ತಿದ್ದ. ಇವತ್ತು ಏಣಿಯ ಮೇಲೆ ನಿಂತು, ಬಾಯಲ್ಲಿ ಪಟ್ಟಿ ಕಚ್ಚಿಕೊಂಡು, ಸಿಳ್ಳೆ ಹಾಕುತ್ತಿದ್ದ. ಪಟ್ಟಿ ಕಚ್ಚಿಕೊಂಡು ಸಿಳ್ಳೆ ಹಾಕುವುದು ಸುಲಭವಲ್ಲ. ಅತ್ತಿಗೆ ಏಣಿ ಹಿಡಿದುಕೊಂಡಳು.

ಅಂಚೆಯವನು ಬಂದ. ಬಾಗಿಲಲ್ಲಿ ಕಾಗದ ಹಾಕುವ ಸಂದಿಗೂ ಪಟ್ಟಿ ಬಿದ್ದಿತ್ತು. ಅವನು ಅತ್ತಿತ್ತ ನೋಡಿ, ಕಾರ್ಡನ್ನು ಹೊರಗೇ ನಿಂತು ದೊಡ್ಡ ದನಿಯಲ್ಲಿ ಓದಿದ: "ಅಮ್ಮಾ, ಅಪ್ಪಾ, ಎಲ್ಲರೂ ಆರಾಮ. ಮಗೂನ ಎತ್ತಿಕೊಂಡು ಮುಂದಿನ ತಿಂಗಳು ಬರ್ತಿದೀನಿ, ಚಳಿ ಮುಗಿಯೋ ತನಕ ಇರ್ತೀನಿ. ಮನೆ ಬೆಚ್ಚಗಿಟ್ಟಿರಿ. ಇಂತಿ ನಿಮ್ಮ ಮಗಳು. ಹಾಂ ರಟ್ಟಣ್ಣ, ಅಜ್ಜ ಆದ ಮೇಲೆ ಮೊಮ್ಮಗೂನ ಮೊದಲ ಸಲ ನೋಡ್ತಿದೀರಿ, ನನಗೂ ಖುಷಿ ಆಯ್ತು. ಇದು ಕಾರ್ಡಲ್ಲಿ ಇಲ್ಲ, ನಾನೇ ಹೇಳಿದ್ದು."

"ಬರಲಿ, ಬರಲಿ!" ಏಣಿಯ ಮೇಲಿಂದ ರಟ್ಟಣ್ಣ ಕೂಗಿದ. "ಮಗು ಬರೀ ಜುಬ್ಬದಲ್ಲಿ ಓಡಾಡಿಕೊಂಡಿರುತ್ತೆ!"

"ಅದಿನ್ನೂ ತಲೆ ನಿಲ್ಲಿಸಲ್ಲ ರೀ," ಎಂದಳು ಅತ್ತಿಗೆ. ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ರಟ್ಟು ಹಾಕಿಸಿಕೊಂಡ ಮನೆ ಆ ರಾತ್ರಿ ಹೇಗಿತ್ತು? ಮುಚ್ಚಿದ ಬಾವಿಯ ಹಾಗಿತ್ತು. ಬೆಳಿಗ್ಗೆ ರಟ್ಟಣ್ಣ ಎರಡು ಸ್ವೆಟರು, ಒಂದು ಕೋಟು, ಕಿವಿಗೆ ಮಫ್ಲರು ಹಾಕಿಕೊಂಡೇ ಹಾಸಿಗೆಯಿಂದ ಎದ್ದ. "ಏನೂ ಚಳಿ ಇಲ್ಲ, ನೋಡಿದ್ಯಾ," ಎಂದ. ಮಾತಿನ ಜೊತೆ ಬಾಯಿಂದ ಬಿಳಿ ಹಬೆ ಬಂತು. ಹಾಗೇ ಕೆಲಸಕ್ಕೆ ಹೋದ. ಅವನ ಅಂಗಡಿ ಸಂತೆಬೀದಿಯ ಆಚೆ. ಅಲ್ಲಿಂದ ತನ್ನ ಮನೆಯ ಚಿಮಣಿ ಕಾಣುವುದಿಲ್ಲ.

ಈ ಕೊನೆಯ ಮಾತನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು, ಅತ್ತಿಗೆಯಂತೂ ಇಟ್ಟುಕೊಂಡಳು. ಅವನು ತಿರುವು ದಾಟಿದ್ದೇ ಪಕ್ಕದ ಬಡಗಿಯ ಬಾಗಿಲಿಗೆ ಹೋದಳು.

"ಕಟ್ಟಿಗೆ ಕೋಣೆಗೆ ಬೀಗ. ಏನಾದ್ರೂ ಸುಡೋ ಅಂಥದ್ದು ಇದ್ರೆ ಕೊಡಪ್ಪಾ. ಮಗು ಬರೋದ್ರೊಳಗೆ ಆ ಗೋಡೆಗಳು ಸ್ವಲ್ಪ ಬಿಸಿ ಕುಡೀಲಿ."

ಬಡಗಿ ತನ್ನ ಕಾಲ ಕೆಳಗೆ ನೋಡಿದ. ಮೊಣಕಾಲುದ್ದ ಮರದ ಹೊಟ್ಟು, ಸುರುಳಿ ಸುರುಳಿ ಸಿಪ್ಪೆ. "ಅತ್ತಿಗೆ, ಇದರಲ್ಲೇ ನಾನು ಮುಳುಗಿ ಸಾಯ್ತಿದೀನಿ. ಬೇಕಾದಷ್ಟು ತಗೊಳ್ಳಿ." ಒಂದು ತಗಡಿನ ಡಬ್ಬ ತಂದು, ನಡುವೆ ಸೀಸೆಯೊಂದನ್ನು ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ಗುದ್ದಿ ತುಂಬಿದ. ಮೆಲ್ಲಗೆ ಸೀಸೆ ಎಳೆದ. ನಡುವೆ ತೂತು ಉಳಿಯಿತು. "ಕೆಳಗಿಂದ ಕಿಡಿ ತಾಗಿಸಿ ಒಲೆಯೊಳಗೆ ಇಡಿ. ಮಧ್ಯಾಹ್ನದವರೆಗೂ ತಣ್ಣಗೆ ಕೂತು ಉರಿಯುತ್ತೆ. ಆದ್ರೆ ಗಾಳಿಗಂಡಿ ಬಿಚ್ಚದೆ ಹಚ್ಚಬೇಡಿ, ಆಣೆ. ಆ ಮನೇನ ಪುಣ್ಯಾತ್ಮ ಸೀಲ್ ಮಾಡಿದಾನೆ. ತಲೆ ತಿರುಗಿ ಬೀಳ್ತೀರಿ."

ಅತ್ತಿಗೆ ಸ್ಟೂಲು ಹತ್ತಿ, ಗಾಳಿಗಂಡಿಯ ಹಾಳೆಯನ್ನು ಒದ್ದೆ ಬಟ್ಟೆಯಿಂದ ತೋಯಿಸಿ, ಹರಿಯದ ಹಾಗೆ ಪೂರ್ತಿ ಬಿಡಿಸಿದಳು. ಒಲೆ ಹಚ್ಚಿದಳು. ಸಂಜೆಗೆ ಮುಂಚೆ ಬೂದಿ ತೆಗೆದು, ಒಲೆಯ ಮೇಲೆ ರಟ್ಟಣ್ಣ ಇಟ್ಟಿದ್ದ ಹೂಕುಂಡವನ್ನು ಮತ್ತೆ ಅಲ್ಲೇ ಇಟ್ಟು, ಕೊಡದಲ್ಲಿ ಉಳಿದ ಅಂಟಿನಿಂದ ಹಾಳೆಯನ್ನು ವಾಪಸು ಅಂಟಿಸಿದಳು. ಹಾಳೆ ಮೆತ್ತಗಾಗಿತ್ತು, ಅದರ ಮೇಲೆ ಇನ್ನೊಂದು ಹೊಸ ಹಾಳೆ ಹೊಡೆದಳು. ಅಂಟು ಹಚ್ಚುವುದು ಅವಳಿಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಅಂಗಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವನೇ ಕಲಿಸಿದ್ದ. ಕೆಲಸ ಕಲಿಸಿದ್ದಕ್ಕಿಂತ ಕೈ ಹಿಡಿದದ್ದು ಹೆಚ್ಚು.

ರಟ್ಟಣ್ಣ ಬಂದ. ಬಾಗಿಲಲ್ಲೇ ನಿಂತ. ಮಫ್ಲರು ತೆಗೆದ. ಕೋಟು ತೆಗೆದ.

"ಇವಳೇ! ಅಂಟು ಒಣಗಿತು!"

"ಏನು?"

"ನಿನ್ನೆ ಅಂಟು ಹಸಿ ಇತ್ತು, ಅದಕ್ಕೇ ಚಳಿ. ಒಣಗಿದ ಮೇಲೆ ನೋಡು ಹೇಗೆ ಹಿಡೀತು!" ಒಲೆಯನ್ನು ಮುಟ್ಟಿ ನೋಡಿದ. ಅತ್ತಿಗೆ ಅಂಟಿಗೆ ನೀಲಿಯಾದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಪಾಪ, ಕಬ್ಬಿಣವೂ ಮನೆಯ ಬಿಸಿ ಹೀರಿಕೊಂಡಿದೆ," ಎಂದು ಅದರ ತಲೆ ಸವರಿದ. ಹೊಗೆಯ ವಾಸನೆ ಅವನಿಗೆ ಹತ್ತಲಿಲ್ಲ. ಇಷ್ಟು ವರ್ಷ ಮೈಲುತುತ್ತದ ಅಂಟಿನ ಮುಂದೆ ಕೂತ ಮೂಗು ಅದು, ಯಾವತ್ತೋ ರಾಜೀನಾಮೆ ಕೊಟ್ಟಿತ್ತು.

ಅವತ್ತೇ ಹೇಳಿಬಿಡಬೇಕು ಎಂದು ಅತ್ತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಕೈ ಹಿಡಿದು ಗೋಡೆಗೆ ಒತ್ತಿದ. "ನೋಡು, ಗೋಡೆ ಬೆಚ್ಚಗಿದೆ," ಎಂದ. ಗ್ರಂಥಾಲಯದ ಗಾಡಿ ಬರುವುದು ನಿಂತ ಮೇಲೆ ಅತ್ತಿಗೆ ಆ ಮುಖ ನೋಡಿರಲಿಲ್ಲ. ತೆರೆದ ಬಾಯಿಂದ, "ಹೂಂ ರೀ, ಬೆಚ್ಚಗಿದೆ," ಎಂಬ ಮಾತೇ ಬಂತು.

ಒಮ್ಮೆ ಹೂಂ ಎಂದ ಮೇಲೆ ಮುಗಿಯಿತು. ದಿನಾ ಬೆಳಿಗ್ಗೆ ಹಾಳೆ ಬಿಡಿಸುವುದು, ದಿನಾ ಸಂಜೆ ಅದರ ಮೇಲೊಂದು ಹಾಳೆ ಹೊಡೆದು ಅಂಟಿಸುವುದು. ಬೀದಿಗೆಲ್ಲ ವಿಷಯ ಗೊತ್ತಾಯಿತು, ಚಿಮಣಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಬೇಕರಿಯ ಹೆಂಗಸು ಅಕ್ರೋಟಿನ ಚಿಪ್ಪುಗಳನ್ನು ಚೀಲದಲ್ಲಿ ಕಳಿಸಿದಳು. ಕಾಳಿನ ಮಂಡಿಯಿಂದ ಜೋಳದ ದಿಂಡು ಬಂತು. ಎಣ್ಣೆ ಗಿರಣಿಯಿಂದ ಬೀಜದ ಹೊಟ್ಟು. ಎಲ್ಲ ಮಂಚದ ಕೆಳಗೆ, ಮಗಳ ಹಳೇ ಟ್ರಂಕಿನೊಳಗೆ ಸೇರಿತು. ಇಡೀ ಬೀದಿಯಲ್ಲಿ ಗೊತ್ತಿಲ್ಲದವನು ಒಬ್ಬನೇ, ಅವನು ಅದೇ ಬೀದಿಯಲ್ಲಿ ನಿಂತು ಭಾಷಣ ಮಾಡುತ್ತಿದ್ದ.

"ಬೆಂಕಿ ಅನ್ನೋದು ಸೋಮಾರಿಗಳಿಗೆ," ಎಂದು ಬೇಕರಿಯ ಮುಂದೆ ಹೇಳಿದ. "ನಮ್ಮನೆಗೆ ಬನ್ನಿ. ಬರೀ ಅಂಟು. ಬರೀ ಕಾಗದ."

"ಆಹಾ, ಏನು ತಲೆ ರಟ್ಟಣ್ಣ ನಿಮ್ಮದು," ಎಂದಳು ಬೇಕರಿಯವಳು. ಗಲ್ಲಾದ ಹಿಂದೆ ಚಿಪ್ಪಿನ ಚೀಲವನ್ನು ಕಾಲಲ್ಲೇ ಒಳಗೆ ತಳ್ಳಿದಳು.

ಬೀದಿಯವರು ನಂಬಿದ ಹಾಗೆ ನಟಿಸಿದರು, ಅದು ಪರವಾಗಿಲ್ಲ. ಪಕ್ಕದ ಬೀದಿಯ ನಿವೃತ್ತ ಹೆಡ್‌ಮಾಸ್ತರು ನಿಜವಾಗಿಯೂ ನಂಬಿದರು. ರಟ್ಟಣ್ಣ ಒಂದು ರಜೆಯ ದಿನ ಹೋಗಿ ಅವರ ಮನೆಗೂ ಬುಡದಿಂದ ತುದಿಯವರೆಗೆ ಅಂಟು ಬಳಿದು ಬಂದ. ಮೂರನೇ ದಿನ ಹೆಡ್‌ಮಾಸ್ತರ ಹೆಂಡತಿ ಟೊಮೇಟೊ ಹಣ್ಣಿನಂಥ ಮೂಗು ಹೊತ್ತುಕೊಂಡು ಅತ್ತಿಗೆಯ ಬಾಗಿಲಿಗೆ ಬಂದರು.

"ಏನಮ್ಮ ಇದು ನಿನ್ನ ಗಂಡನ ಸಂಶೋಧನೆ? ನಮ್ಮವರು ಒಲೆ ಹಚ್ಚಬೇಡ ಅಂತಾರೆ, ಅಂಟು ಒಣಗಲಿ ಅಂತಾರೆ. ಅಂಟು ಒಣಗಿತು, ನಾನೂ ಒಣಗಿದೆ. ಹೊದ್ದಿಕೆಯೊಳಗಿಂದ ಕೈ ತೆಗೆದು ಪೇಪರ್ ತಿರುವೋಕೂ ಅವರಿಗೆ ಆಗ್ತಿಲ್ಲ, ನಂಬಿಕೆ ಮಾತ್ರ ಬಿಡಲ್ಲ!"

ಅತ್ತಿಗೆ ಅವರನ್ನು ಒಳಗೆ ಕರೆದು, ಉರಿಯುತ್ತಿದ್ದ ಒಲೆ ತೋರಿಸಿದಳು. ಹೆಡ್‌ಮಾಸ್ತರ ಹೆಂಡತಿ ಒಲೆ ನೋಡಿದರು, ಬಿಡಿಸಿಟ್ಟ ಹಾಳೆ ನೋಡಿದರು, ಅತ್ತಿಗೆಯ ನೀಲಿ ಬೆರಳುಗಳನ್ನು ನೋಡಿದರು. ಒಲೆಯ ಮುಂದೆ ಕೂತು ಎರಡೂ ಅಂಗೈ ಚಾಚಿದರು. ಅಂಗೈ ಕಾದ ಮೇಲೆ ಕೇಳಿದರು:

"ನಮ್ಮವರು ಸಂಜೆ ವಾಕಿಂಗ್ ಹೋಗ್ತಾರೆ. ಅಷ್ಟು ಹೊತ್ತು ಸಾಕಾಗುತ್ತಾ?"

"ಒಂದು ಡಬ್ಬ ಹೊಟ್ಟಿಗೆ ಸಾಕಾಗುತ್ತೆ ಅಮ್ಮ."

ಹೀಗೆ ರಟ್ಟಣ್ಣನ ವಿಧಾನ ಎರಡನೇ ಮನೆಯಲ್ಲೂ ಯಶಸ್ವಿಯಾಯಿತು. ಹೆಡ್‌ಮಾಸ್ತರು ಸಂತೆಯಲ್ಲಿ ಅದನ್ನು ಹೊಗಳಿದರು. ಹೊಗಳಿಕೆ ಸುತ್ತಿ ಸುತ್ತಿ ಭಾವಮೈದನ ಅಂಗಡಿಗೆ ಹೋಯಿತು. ಯಂತ್ರ ಕೊಳ್ಳಲು ಬಂದ ಗಿರಾಕಿಯೊಬ್ಬ, "ಅದೇನೋ ಬರೀ ಅಂಟಲ್ಲೇ ಆಗುತ್ತಂತಲ್ಲ?" ಎಂದು ಹೊರಟುಹೋದ. ಭಾವಮೈದನಿಗೆ ಮತ್ತೆ ಕೆಮ್ಮು ಬಂತು.

ಅವನು ಸೀದಾ ನಗರಸಭೆಯ ಹೊಗೆ ಇನ್ಸ್‌ಪೆಕ್ಟರರ ಹತ್ತಿರ ಹೋದ. ಊರಿನ ಚಿಮಣಿಗಳ ಹೊಗೆ ಕಡಿಮೆ ಮಾಡಿಸುವುದು ಅವರ ಕೆಲಸ. ಬೆಂಕಿಯೇ ಇಲ್ಲದ ಬೆಚ್ಚನೆಯ ಮನೆ ಎಂದು ಕೇಳಿ ಆ ಪಾಪದ ಮನುಷ್ಯ ಕುರ್ಚಿಯಿಂದ ಎದ್ದೇ ನಿಂತರಂತೆ. ಇಬ್ಬರೂ ಸೇರಿ ರಟ್ಟಣ್ಣನ ಅಂಗಡಿಗೆ ಬಂದರು.

"ಭಾವ, ಸಾಹೇಬ್ರು ಥರ್ಮಾಮೀಟರ್ ತರ್ತಾರೆ. ಮನೆ ಬೆಚ್ಚಗಿದ್ರೆ ನಮ್ಮನೆಯ ಯಂತ್ರ ಕಿತ್ತು ಹಾಕಿ, ನಿಮ್ಮ ಕೈಯಿಂದಲೇ ಅಂಟು ಬಳಿಸ್ಕೋತೀನಿ. ಇಲ್ಲಾಂದ್ರೆ ನಿಮ್ಮನೇಲಿ ನನ್ನ ಯಂತ್ರ. ಆಗಬಹುದಾ?"

"ಆಗಲೇಬೇಕು! ಭಾನುವಾರ ಬನ್ನಿ, ನಾನು ಇಡೀ ದಿನ ಮನೇಲೇ ಇರ್ತೀನಿ."

ಈ ಸುದ್ದಿಯನ್ನು ಅವನು ಮನೆಗೆ ಬಂದು ಸಿಳ್ಳೆಯ ಜೊತೆ ಹೇಳಿದ. ಅತ್ತಿಗೆ ಪಾತ್ರೆ ಕೆಳಗಿಟ್ಟಳು. ಬೇರೆ ಭಾನುವಾರಗಳಲ್ಲಿ ಅವನು ಭಾಷಣಕ್ಕೆಂದು ಹೊರಗೆ ಹೋಗುತ್ತಿದ್ದ, ಇಡೀ ದಿನ ಮನೆಯಲ್ಲೇ ಇದ್ದರೆ ಒಲೆ ಹಚ್ಚುವುದು ಹೇಗೆ? ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮಗಳು ಮಗು ಎತ್ತಿಕೊಂಡು ಬಸ್ಸಿಳಿಯುವುದೂ ಅದೇ ಭಾನುವಾರ.

"ಅತ್ತಿಗೆ, ಹೇಳಿಬಿಡಿ ಅವರಿಗೆ," ಎಂದ ಬಡಗಿ, ಗೋಡೆಯಾಚೆಯಿಂದ ಮೆಲ್ಲಗೆ.

"ಹೇಗಪ್ಪಾ ಹೇಳಲಿ? ಮೊದಲ ದಿನಾನೇ ಹೇಳಿದ್ದಿದ್ರೆ ನಗು ಅಷ್ಟೇ. ಇಷ್ಟು ದಿನ ಆದ ಮೇಲೆ ಹೇಳಿದ್ರೆ, ಅವರು ಬೀದೀಲಿ ತಲೆ ಎತ್ತಿ ನಡೀತಾರಾ? ಅಂಗಡೀಲೂ ಕೆಲಸ ಇಲ್ಲ. ಇದೊಂದೇ ಅವರು ಗೆದ್ದದ್ದು."

ಬಡಗಿ ತಲೆ ಕೆರೆದುಕೊಂಡ. "ಹಾಗಾದ್ರೆ ಒಲೆ ಇಲ್ಲದೆ ಬಿಸಿ ಮಾಡಬೇಕು," ಎಂದು ಬೇಕರಿಯ ಕಡೆ ನಡೆದ.

ಭಾನುವಾರ ಬಂತು. ಮನೆ ಬೆಳಗಿನಿಂದಲೇ ತಣ್ಣಗಾಗುತ್ತಾ ಬಂತು. ರಟ್ಟಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. "ಇವತ್ತು ಯಾಕೋ ಅಂಟು ಸರಿಯಾಗಿ ಹಿಡೀತಿಲ್ಲ," ಎಂದು ಕಿಟಕಿಗಳನ್ನು ಮತ್ತೆ ಮತ್ತೆ ಉಜ್ಜಿದ. ಮಧ್ಯಾಹ್ನ ಭಾವಮೈದ ಬಂದ. ಹಿಂದೆ ಇನ್ಸ್‌ಪೆಕ್ಟರು, ಚಿಕ್ಕ ಮೈಯ, ಮೆದು ದನಿಯ ಮನುಷ್ಯ. ಥರ್ಮಾಮೀಟರನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಿದ್ದರು. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಪಾದರಸ ಬುಡದಲ್ಲಿ ಮುದುಡಿ ಕೂತಿತ್ತು.

ಆಗ ಬಾಗಿಲು ಬಡಿದ ಸದ್ದಾಯಿತು.

"ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದ್ವಿ," ಎಂದ ಬಡಗಿ. ಅವನ ಸಾಮಾನಿನ ಚೀಲದೊಳಗೆ ಕಾಯಿಸಿದ ಇಟ್ಟಿಗೆಗಳು. ಹಿಂದೆ ಬೇಕರಿಯವಳು, ಶಾಲಿನೊಳಗೆ ಆಗತಾನೇ ಗೂಡಿನಿಂದ ತೆಗೆದ ಬ್ರೆಡ್ಡಿನ ತಟ್ಟೆ ಮುಚ್ಚಿಕೊಂಡು. ಹಿಂದೆ ಹೆಡ್‌ಮಾಸ್ತರು, ಅವರ ಹಿಂದೆ ಹೆಡ್‌ಮಾಸ್ತರ ಹೆಂಡತಿ, ಸ್ವೆಟರಿನೊಳಗೆ ದೊಡ್ಡ ಬಿಸಿನೀರಿನ ರಬ್ಬರ್ ಚೀಲ ಕಟ್ಟಿಕೊಂಡು. ಇನ್ಸ್‌ಪೆಕ್ಟರು ಅವರ ಹೊಟ್ಟೆ ನೋಡಿ, ಬೆಳ್ಳಗಾದ ಕೂದಲು ನೋಡಿ, ಗೊಂದಲದಿಂದ ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ನಿಧಾನ ಅಮ್ಮ, ಕೂತ್ಕೊಳ್ಳಿ." ಹೆಡ್‌ಮಾಸ್ತರ ಹೆಂಡತಿ ನಾಚದೆ ಕೂತರು. ಕೊನೆಗೆ ಇಸ್ತ್ರಿಯವನು, ಕೆಂಡ ತುಂಬಿದ ಪೆಟ್ಟಿಗೆ ಹಿಡಿದು: "ಬಟ್ಟೆ ಏನಾದ್ರೂ ಇದೆಯಾ ಅಂತ..."

"ಭಾನುವಾರನಾ?" ಎಂದ ಭಾವಮೈದ.

"ಭಾನುವಾರ ಬಟ್ಟೆ ಸುಕ್ಕಾಗಲ್ವಾ ಸ್ವಾಮಿ?" ಎಂದು ಇಸ್ತ್ರಿಯವನು ಇನ್ಸ್‌ಪೆಕ್ಟರರ ಕೋಟನ್ನೇ ಬಿಚ್ಚಿಸಿಕೊಂಡು ಬಾಗಿಲ ಬಳಿ ಕೂತ.

ಹಿಂದಿನಿಂದ ಇನ್ನೂ ಬಂದರು. ನಡುಮನೆಯಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಸಿಕ್ಕಿತು. ಬಿಸಿ ಬ್ರೆಡ್ಡಿನ ಪರಿಮಳ ಎದ್ದಿತು. ಪಾದರಸ ಮೈಮುರಿದು ಮೇಲೆದ್ದಿತು, ಏರಿತು, ಇನ್ನೂ ಏರಿತು. ಇನ್ಸ್‌ಪೆಕ್ಟರು ಹಣೆಯ ಬೆವರು ಒರೆಸಿಕೊಂಡು, "ಅದ್ಭುತ," ಎಂದರು. ರಟ್ಟಣ್ಣ ಅಂಗಿಯ ಕಾಲರು ನೇರ ಮಾಡಿಕೊಂಡ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾವಮೈದ ವ್ಯಾಪಾರಿ, ಅಷ್ಟು ಸುಲಭಕ್ಕೆ ಸೋಲುವವನಲ್ಲ. "ಸಾಹೇಬ್ರೇ, ಇಷ್ಟು ಜನ ಸೇರಿದ್ರೆ ಮಂಜುಗಡ್ಡೆ ಕಾರ್ಖಾನೆಯೂ ಬೆಚ್ಚಗಾಗುತ್ತೆ. ಎಲ್ಲರೂ ಹೊರಗೆ ಹೋಗಲಿ, ಆಮೇಲೆ ಅಳೀರಿ."

"ನ್ಯಾಯ," ಎಂದರು ಇನ್ಸ್‌ಪೆಕ್ಟರು, ಸ್ವಲ್ಪ ಬೇಸರದಿಂದಲೇ.

ಎಲ್ಲರೂ ಹೊರಗೆ ಹೋದರು. ಇಟ್ಟಿಗೆ ಹೋಯಿತು, ಬ್ರೆಡ್ಡು ಹೋಯಿತು, ಹೆಡ್‌ಮಾಸ್ತರ ಹೆಂಡತಿಯ ಹೊಟ್ಟೆಯೂ ಹೋಯಿತು. ಅಷ್ಟು ಜನ ದಾಟುವವರೆಗೆ ಬಾಗಿಲು ತೆರೆದೇ ಇತ್ತು, ಹೊರಗಿನ ಚಳಿ ಅವರ ಜಾಗಕ್ಕೆ ಬಂದು ಕೂತಿತು. ಪಾದರಸ ಜಾರತೊಡಗಿತು. ಭಾವಮೈದ ಕೈ ಕಟ್ಟಿ ನಿಂತ. ರಟ್ಟಣ್ಣ ಗೋಡೆ ಮುಟ್ಟಿ ನೋಡಿದ, ಕೈ ಹಿಂದೆ ತೆಗೆದ.

ಅಷ್ಟು ಹೊತ್ತಿಗೆ ಹೊರಗಿನ ಗುಂಪು ದಾರಿ ಬಿಟ್ಟಿತು. ಮಗಳು ಬಂದಳು. ಎದೆಗೆ ಒತ್ತಿಕೊಂಡ ಉಣ್ಣೆಯ ಗಂಟು ಅವಳ ಕೈಯಲ್ಲಿತ್ತು.

"ಅಪ್ಪಾ, ಏನಿದು, ಬೀದಿಯೆಲ್ಲ ಇಲ್ಲೇ ಇದೆ? ಅಯ್ಯೋ, ಹೊರಗಡೆಗಿಂತ ಒಳಗೇ ಚಳಿ ಇದೆಯಲ್ಲ! ತಗೊಳ್ಳಿ, ಮೊದಲು ಎತ್ತಿಕೊಳ್ಳಿ."

ರಟ್ಟಣ್ಣ ಗಂಟನ್ನು ಎತ್ತಿಕೊಂಡ. ಒಳಗಿಂದ ಒಂದು ಮುಖ ಕಂಡಿತು, ಒಂದು ಹಿಡಿಯಷ್ಟು. ಅದು ಅಜ್ಜನನ್ನು ಗಂಭೀರವಾಗಿ ನೋಡಿತು. ಒಂದು ಸಣ್ಣ ಸೀನು ಸೀನಿತು.

ರಟ್ಟಣ್ಣ ಅಂಟಿನ ಕಲೆಯ ಬೆರಳಿನ ತುದಿಯಿಂದ ಆ ಮೂಗನ್ನು ಮುಟ್ಟಿದ. ಗೋಡೆಯ ಥರ್ಮಾಮೀಟರಿನ ಕಡೆ ಅವನು ನೋಡಲೇ ಇಲ್ಲ.

"ಇವಳೇ," ಎಂದ, "ಒಲೆ ಹಚ್ಚು."

"ಭಾವ! ಅಂದ್ರೆ ಸೋತ..."

"ಸೋತೆ ಕಣಪ್ಪಾ, ಸೋತೆ. ಪಕ್ಕಕ್ಕೆ ಸರಿ." ಮಗುವನ್ನು ಮಗಳಿಗೆ ಕೊಟ್ಟು, ಬನಿಯನ್ನಿನ ಒಳಜೇಬು ತಡಕುತ್ತಾ ಹಿತ್ತಲಿಗೆ ಓಡಿದ. ಕೀಲಿಕೈ ಕೈಗೆ ಸಿಕ್ಕಿತು. ಬೀಗ ಮಾತ್ರ ಚಳಿಗೆ ಕಚ್ಚಿಕೊಂಡಿತ್ತು, ಅದನ್ನು ಬಾಯಿಂದ ಊದಿ ಊದಿ ತೆಗೆದ. ಒಣಗಿದ್ದು ಯಾವುದು ಎಂದು ಈ ಸಲ ಎರಡೆರಡು ಸೌದೆ ಬಡಿದು ಸದ್ದು ಕೇಳಿ ಆರಿಸಿದ. ತೋಳು ತುಂಬ ಸೌದೆ ಹೊತ್ತು, ಏದುಸಿರು ಬಿಡುತ್ತಾ ಒಳಗೆ ಬಂದ.

ಒಲೆ ಆಗಲೇ ಗುಂಯ್ ಎನ್ನುತ್ತಿತ್ತು.

ಹೂಕುಂಡ ಕೆಳಗಿತ್ತು. ಗಾಳಿಗಂಡಿ ತೆರೆದಿತ್ತು. ಮಂಚದ ಕೆಳಗಿನ ಟ್ರಂಕು ಬಾಯಿ ತೆರೆದು, ಹೊಟ್ಟಿನ ಡಬ್ಬಗಳನ್ನೂ ಚಿಪ್ಪಿನ ಚೀಲವನ್ನೂ ತೋರಿಸುತ್ತಿತ್ತು. ಮಗು ಮುಸುಕು ಸರಿಸಿಕೊಂಡು ಬೆಂಕಿಯ ಬೆಳಕು ನೋಡುತ್ತಿತ್ತು. ಅತ್ತಿಗೆ ಸ್ಟೂಲಿನ ಮೇಲೇ ನಿಂತಿದ್ದಳು, ಕೈಯಲ್ಲಿ ಗಾಳಿಗಂಡಿಯ ಹಾಳೆ. ಅವಸರದಲ್ಲಿ ಅದನ್ನು ಎಲ್ಲಿ ಮುಚ್ಚಿಡುವುದೆಂದು ತೋಚಿರಲಿಲ್ಲ.

ರಟ್ಟಣ್ಣ ಸೌದೆ ಕೆಳಗಿಟ್ಟ. ಅವಳ ಕೈಯಿಂದ ಆ ಹಾಳೆ ತೆಗೆದುಕೊಂಡ. ತಾನು ಅಂಟಿಸಿದ್ದು ಒಂದೇ ಹಾಳೆ, ಇದು ಬಾಗಲಿಲ್ಲ. ಹೆಬ್ಬೆರಳಿನಿಂದ ಅಂಚು ಸವರಿದ. ಹಾಳೆಯ ಮೇಲೆ ಹಾಳೆ, ಅದರ ಮೇಲೆ ಹಾಳೆ. ಪ್ರತಿಯೊಂದರ ಮೂಲೆಯೂ ಓರೆಯಾಗಿ ಕತ್ತರಿಸಿ ಮಡಚಿದ್ದು, ಅವನೇ ಕಲಿಸಿದ ಹಾಗೆ. ಕೊನೆಯದರ ಅಂಟು ಇನ್ನೂ ಹಸಿಯಾಗಿತ್ತು. ಬೆರಳುಗಳು ಆ ಅಂಚಿನ ಮೇಲೆ ನಿಧಾನವಾಗಿ ಹೋದವು, ಬಂದವು. ಕಿಟಕಿಯ ಗಾಜಿಗೆ ಬಡಗಿಯ ಮೂಗು, ಬೇಕರಿಯವಳ ಮೂಗು, ಹೆಡ್‌ಮಾಸ್ತರ ಹೆಂಡತಿಯ ಕೆಂಪು ಮೂಗು ಸಾಲಾಗಿ ಒತ್ತಿಕೊಂಡಿದ್ದವು.

ರಟ್ಟಣ್ಣ ಹಾಳೆಯನ್ನು ಅಂಗಿಯೊಳಗೆ, ಎದೆಯ ಹತ್ತಿರ, ಸೇರಿಸಿದ. ಇನ್ಸ್‌ಪೆಕ್ಟರರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ.

"ಸಾಹೇಬ್ರೇ, ನನ್ನ ವಿಧಾನದಲ್ಲಿ ಒಂದೇ ಒಂದು ಸಣ್ಣ ಕೊರತೆ ಇದೆ. ಸ್ವಲ್ಪ ಬೆಂಕಿ ಬೇಕಾಗುತ್ತೆ."

ಹೊರಗಿನಿಂದ ಮೊದಲು ಹೆಡ್‌ಮಾಸ್ತರ ಹೆಂಡತಿ ನಕ್ಕರು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಹೆಡ್‌ಮಾಸ್ತರು ಮಾತ್ರ, "ನಮ್ಮನೇಲಿ ಬೇಕಾಗಲಿಲ್ಲವಲ್ಲ?" ಎಂದು ಹೆಂಡತಿಯನ್ನು ಕೇಳುತ್ತಿದ್ದರು.

ಇನ್ಸ್‌ಪೆಕ್ಟರು ನಗಲಿಲ್ಲ. ಅವರು ಥರ್ಮಾಮೀಟರ್ ನೋಡುತ್ತಿದ್ದರು. ಕಡ್ಡಿ ಗೀರಿ ಕಿಟಕಿಯ ಸಂದಿಗೆ ಹಿಡಿದರು, ಜ್ವಾಲೆ ಅಲುಗಲಿಲ್ಲ. "ನಾನು ಈ ಊರಿನ ಎಷ್ಟೋ ಒಲೆ ನೋಡಿದೀನಿ. ಒಂದು ಡಬ್ಬ ಮರದ ಹೊಟ್ಟಿಗೆ ಇಷ್ಟು ಬೇಗ ಬೆಚ್ಚಗಾಗೋ ಮನೆ ನೋಡಿಲ್ಲ. ಬಿಸಿ ಎಲ್ಲೂ ಸ್ವಲ್ಪವೂ ಸೋರ್ತಿಲ್ಲ. ಆ ಗಾಳಿಗಂಡಿ ಮಾತ್ರ ಬೆಂಕಿ ಇದ್ದಾಗ ತೆರೆದಿರಲಿ." ಭಾವಮೈದನತ್ತ ತಿರುಗಿ ಕೇಳಿದರು, "ನಿಮ್ಮನೇಲಿ ಯಂತ್ರ ಆಫ್ ಮಾಡಿದ್ರೆ ಬಿಸಿ ಎಷ್ಟು ಹೊತ್ತು ನಿಲ್ಲುತ್ತೆ?"

ಭಾವಮೈದ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಮಗುವನ್ನು ಅವನ ತೊಡೆಗೆ ಹಾಕಿಯಾಗಿತ್ತು. ಒಲೆಯ ಮುಂದೆ ಕೂತ ಮನುಷ್ಯ ಒಂದೆರಡು ಸಲ ತೂಗಿದ. ಆಮೇಲೆ ಮಗುವಿಗಿಂತ ಮೊದಲು ತಾನೇ ನಿದ್ದೆ ಹೋದ. ಎಚ್ಚರವಾದಾಗ, "ಭಾವ, ನಮ್ಮನೆ ಕಿಟಕಿ ಯಾವಾಗ ನೋಡ್ತೀರಿ?" ಎಂದು ಗೊಣಗಿದ. "ಅಂಟು ಮಾಡಿಕೊಂಡು ಬರ್ತೀನಿ," ಎಂದ ರಟ್ಟಣ್ಣ.

ಅತ್ತಿಗೆಗೆ ಅವನು ಆ ದಿನ ಏನೂ ಹೇಳಲಿಲ್ಲ. ಏನೂ ಕೇಳಲಿಲ್ಲ. ಅವಳು ಎರಡು ಸಲ, "ರೀ, ಅದು..." ಎಂದು ಶುರುಮಾಡಿದಳು. ಎರಡು ಸಲವೂ ಅವನು ಮಗುವಿಗೆ ಏನೋ ತೋರಿಸುತ್ತಿದ್ದ.

ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಅವನು ಅಂಗಡಿಗೆ ಹೋಗಿಯಾಗಿತ್ತು. ಒಲೆಯ ಪಕ್ಕದಲ್ಲಿ ಸಣ್ಣಗೆ ಸೀಳಿದ ಒಣ ಸೌದೆ ಒಪ್ಪವಾಗಿ ಕೂತಿತ್ತು. ಅತ್ತಿಗೆ ಅಭ್ಯಾಸದಂತೆ ಒದ್ದೆ ಬಟ್ಟೆ ಹಿಂಡಿಕೊಂಡು ಸ್ಟೂಲು ಹತ್ತಿದಳು. ಹತ್ತಿ, ಅಲ್ಲೇ ನಿಂತಳು.

ಗಾಳಿಗಂಡಿಗೆ ಮುಚ್ಚಳ ಬಂದಿತ್ತು. ಒಂದು ಬದಿಗೆ ಬಟ್ಟೆಯ ಬೆನ್ನು ಹಾಕಿ, ಪುಸ್ತಕದ ಹೊದಿಕೆಯ ಹಾಗೆ ತೆರೆದು ಮುಚ್ಚುವಂತೆ ಕೂರಿಸಿದ್ದ. ಅದಕ್ಕೆ ಬೇರೆ ರಟ್ಟು ಬೇಕಾಗಿರಲಿಲ್ಲ. ಅಂಚು ನೋಡಿದರೆ ತಿಳಿಯುತ್ತಿತ್ತು, ಅವಳದೇ ಹಾಳೆಗಳು. ಒತ್ತಿ, ಅಂಚು ಸವರಿ, ಮೇಲೆ ಗ್ರಂಥಾಲಯದ ಪುಸ್ತಕಗಳಿಗೆ ಹಾಕುತ್ತಿದ್ದ ಕೆಂಪು ಬಟ್ಟೆ ಹೊದಿಸಿದ್ದ. ಕೆಳಗೆ ಪುಟ ಗುರುತಿಡುವ ರಿಬ್ಬನ್ನೊಂದು ಇಳಿಬಿದ್ದಿತ್ತು. ಅದರ ತುದಿಗೆ ಕಟ್ಟಿಗೆ ಕೋಣೆಯ ಕೀಲಿಕೈ.

ಅತ್ತಿಗೆ ಮುಚ್ಚಳವನ್ನು ಒಂದು ಬೆರಳಿನಿಂದ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು.

ಸಂಜೆ ರಟ್ಟಣ್ಣ ಬಂದ. ಮಫ್ಲರು ತೆಗೆದ, ಕೋಟು ತೆಗೆದ, ಮಗುವಿನ ಮೂಗು ಮುಟ್ಟಿ ನೋಡಿದ. ಆಮೇಲೆ ಹೆಂಡತಿಯ ಕೈ ಹಿಡಿದು ಗೋಡೆಗೆ ಒತ್ತಿದ.

"ನೋಡಿದ್ಯಾ? ಗೋಡೆ ಬೆಚ್ಚಗಿದೆ. ಅಂಟು ಚೆನ್ನಾಗಿ ಹಿಡಿದಿದೆ."

ಒಲೆಯೊಳಗೆ ಸೌದೆಯೊಂದು ಚಟ್ ಎಂದು ಸಿಡಿಯಿತು. ಇಬ್ಬರಿಗೂ ಕೇಳಿಸಿತು.

"ಹೂಂ ರೀ," ಎಂದಳು ಅತ್ತಿಗೆ, ಕೈ ತೆಗೆಯದೆ, "ನಿಮ್ಮ ಅಂಟು ಅಂದ್ರೆ ಅಂಟು."